ಬೆಂಗಳೂರು–ದೆಹಲಿ 20 ನಿಮಿಷ ತಡ: ವೇಗ ಹೆಚ್ಚಿಸಿದರೆ ಲಾಭವೋ ನಷ್ಟವೋ?

ರನ್‌ವೇ_ಬದಿ:
ಏರ್‌ಬಸ್ ಎ320 ವಿಮಾನ ಬೆಂಗಳೂರಿನಿಂದ ದೆಹಲಿಗೆ 20 ನಿಮಿಷ ತಡವಾಗಿ ಹೊರಟಿದೆ ಅಂದುಕೊಳ್ಳಿ. ಮ್ಯಾಕ್ 0.76ರ (ಶಬ್ದವೇಗದ 0.76 ಪಾಲು) ಬದಲು 0.80ರಲ್ಲಿ ಹಾರಿಸಿದರೆ ಎಷ್ಟು ನಿಮಿಷ ಸಿಗುತ್ತೆ? ಅದಕ್ಕೆ ಸುಡುವ ಇಂಧನದ ಖರ್ಚು ಗಿಟ್ಟುತ್ತಾ? ಎಲ್ಲವನ್ನೂ ವಿಮಾನದ ಕಂಪ್ಯೂಟರಿಗೆ ಹಾಕುವ ಕಾಸ್ಟ್ ಇಂಡೆಕ್ಸ್ ಅನ್ನೋ ಸಂಖ್ಯೆ ತೀರ್ಮಾನಿಸುತ್ತೆ ಅಂತಾರೆ. ಆ ಸಂಖ್ಯೆ ಎಲ್ಲಿಂದ ಬರುತ್ತೆ? ಒಂದೇ ಸಂಖ್ಯೆ ಹಾಕಿದ್ದರೂ ದಿನಕ್ಕೊಂದು ವೇಗ ತೋರಿಸೋದು ಯಾಕೆ?

ಡಿಸ್ಪ್ಯಾಚ್_ಮೇಜು:
ಮೊದಲು ನಿಮಿಷದ ಲೆಕ್ಕ. ನೇರ ಹಾದಿ ಸುಮಾರು 920 ನಾಟಿಕಲ್ ಮೈಲು. ಏರುವುದು, ಇಳಿಯುವುದು ಬಿಟ್ಟರೆ ಒಂದೇ ಎತ್ತರದಲ್ಲಿ ಹಾರೋದು 700 ಅಂತಿಟ್ಟುಕೊಳ್ಳಿ. 36,000 ಅಡಿಯಲ್ಲಿ ಪ್ರಮಾಣಿತ ವಾತಾವರಣದ ಶಬ್ದವೇಗ ಸುಮಾರು 574 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲು). 0.76 ಅಂದರೆ 436 ನಾಟ್, 0.80 ಅಂದರೆ 459. ಗಾಳಿ ಇಲ್ಲದಿದ್ದರೆ 96 ನಿಮಿಷದ ಜಾಗದಲ್ಲಿ 91 ಚಿಲ್ಲರೆ. ಇಷ್ಟೆಲ್ಲ ಮಾಡಿ ಕೈಗೆ ಬಂದದ್ದು ಐದು ನಿಮಿಷಕ್ಕೂ ಕಡಿಮೆ. ಎ320ರ ಗರಿಷ್ಠ ಮಿತಿಯೇ 0.82, ಹಾಗಾಗಿ 20 ನಿಮಿಷ ಗಾಳಿಯಲ್ಲಿ ತುಂಬಿಕೊಳ್ಳುವ ಮಾತೇ ಇಲ್ಲ.

ಕಾಸ್ಟ್ ಇಂಡೆಕ್ಸ್ ಅಂದರೆ ಒಂದು ನಿಮಿಷದ ಖರ್ಚನ್ನು ಒಂದು ಕಿಲೋ ಇಂಧನದ ಬೆಲೆಯಿಂದ ಭಾಗಿಸಿದ್ದು. ಎಟಿಎಫ್ (ವಿಮಾನದ ಇಂಧನ) ಕಿಲೋಲೀಟರಿಗೆ ₹96,000 ಎಂದಿಟ್ಟುಕೊಂಡರೆ, ಲೀಟರ್ ಸುಮಾರು 0.8 ಕಿಲೋ ತೂಗುವುದರಿಂದ ಕಿಲೋಗೆ ₹120. ನಿಮಿಷದ ಖರ್ಚು ₹2,400 ಆದರೆ ಇಂಡೆಕ್ಸ್ 20. ಅರ್ಥ ಇಷ್ಟೇ: ಒಂದು ನಿಮಿಷ ಉಳಿಸೋಕೆ 20 ಕಿಲೋವರೆಗೆ ಸುಡಬಹುದು, ಅದರಾಚೆ ನಷ್ಟ. ನಿಮ್ಮ ಐದು ನಿಮಿಷಕ್ಕೆ 200 ಕಿಲೋ ಹೆಚ್ಚು ಹೋಯಿತು ಅನ್ನಿ, ನಿಮಿಷಕ್ಕೆ 40 ಬಿತ್ತು. ₹12,000ದ ಸಮಯ ಕೊಳ್ಳೋಕೆ ₹24,000 ಕೊಟ್ಟ ಹಾಗೆ.

ಸೊನ್ನೆ ಹಾಕಿದರೆ ಕಿಲೋಗೆ ಅತಿ ಹೆಚ್ಚು ದೂರ ಕೊಡುವ ವೇಗ ಬರುತ್ತೆ, 999 ಹಾಕಿದರೆ ಮಿತಿಯ ಹತ್ತಿರದ್ದು. ಅದೇ 20 ಹಾಕಿದರೂ ತೂಕ, ಎತ್ತರ, ಗಾಳಿ ನೋಡಿ ಕಂಪ್ಯೂಟರ್ ವೇಗ ಬದಲಿಸುತ್ತೆ. ಎದುರುಗಾಳಿಯಲ್ಲಿ ತುಸು ಜಾಸ್ತಿ, ಹಿಂಗಾಳಿಯಲ್ಲಿ ತುಸು ಕಡಿಮೆ. ಎದುರುಗಾಳಿಗೆ ಸಿಕ್ಕಷ್ಟು ಹೊತ್ತೂ ನಷ್ಟವೇ, ಅಲ್ಲಿಂದ ಬೇಗ ಪಾರಾಗಬೇಕು.

ಲೆಕ್ಕದ_ಪುಸ್ತಕ:
ಮೇಲಿನ ₹2,400ರಲ್ಲಿ ಏನೇನು ಸೇರಿದೆ ಅನ್ನೋದರಲ್ಲೇ ಎಲ್ಲರೂ ಎಡವೋದು. ವಿಮಾನದ ತಿಂಗಳ ಬಾಡಿಗೆ, ಸಿಬ್ಬಂದಿಯ ಸ್ಥಿರ ಸಂಬಳ, ಕಚೇರಿ ಖರ್ಚು ಎಲ್ಲ ಸೇರಿಸಿ ಹಾರಾಟದ ಗಂಟೆಗಳಿಂದ ಭಾಗಿಸಿಬಿಡ್ತಾರೆ. ಐದು ನಿಮಿಷ ಬೇಗ ಇಳಿದರೆ ಬಾಡಿಗೆ ಕಮ್ಮಿಯಾಗುತ್ತಾ? ಇಲ್ಲ. ಸೇರಿಸಬೇಕಾದ್ದು ನಿಮಿಷದ ಜೊತೆ ಏರಿಳಿಯುವ ಖರ್ಚು ಮಾತ್ರ: ಹಾರಾಟದ ಗಂಟೆಗಿಷ್ಟು ಅಂತ ಎಂಜಿನ್ ನಿರ್ವಹಣೆಗೆ ಕಟ್ಟೋದು, ಸಿಬ್ಬಂದಿಯ ಗಂಟೆ ಭತ್ಯೆ, ಗಂಟೆ ಮೇಲೆ ನಿಂತ ತಪಾಸಣೆಗಳು. ಎಂಜಿನ್ನಿನ ಖರ್ಚು ಕೂಡ ಪೂರಾ ಗಂಟೆಯ ಮೇಲೆ ಬೀಳಲ್ಲ. ಒಂದಷ್ಟು ಪಾಲು ಟೇಕಾಫ್‌ಗಳ ಎಣಿಕೆಯ ಮೇಲೆ ಬೀಳುತ್ತೆ, ಅದನ್ನು ಬಿಡಬೇಕು.

ತಡದ ಖರ್ಚು ಹಾಗಲ್ಲ, ಅದು ಮೆಟ್ಟಿಲು. ಮೂರು ನಿಮಿಷ ತಡವಾದರೆ ಏನೂ ಆಗಲ್ಲ. ನಾಲ್ಕನೇ ನಿಮಿಷಕ್ಕೆ ಮೂವತ್ತು ಜನರ ಮುಂದಿನ ವಿಮಾನ ತಪ್ಪಿತು ಅಥವಾ ಸಿಬ್ಬಂದಿಯ ಕೆಲಸದ ಮಿತಿ ಮೀರಿತು ಅಂದರೆ ಒಮ್ಮೆಲೇ ಲಕ್ಷಗಳು. ಅಂಥ ದಿನ ಆ ಒಂದು ಹಾರಾಟಕ್ಕೆ ಇಂಡೆಕ್ಸ್ 80ಕ್ಕೆ ಏರಿಸೋದು ಸರಿ. ವರ್ಷಪೂರ್ತಿ ಎಲ್ಲ ಹಾರಾಟಕ್ಕೂ 80 ಇಟ್ಟುಕೊಳ್ಳೋದು ದುಡ್ಡು ಸುಟ್ಟ ಹಾಗೆ.

ವೇಗ ಹೆಚ್ಚಿಸುವ ಮುಂಚೆ ದೆಹಲಿಯ ಪರಿಸ್ಥಿತಿ ಕೇಳಿ. ಐದು ನಿಮಿಷ ಬೇಗ ಹೋಗಿ ಸರತಿಯಲ್ಲಿ ಹತ್ತು ನಿಮಿಷ ಸುತ್ತಿದರೆ ಇನ್ನೂ 350–400 ಕಿಲೋ ಹೋಯಿತು. ಗೇಟ್ ಖಾಲಿ ಇಲ್ಲದಿದ್ದರೆ ಗಳಿಸಿದ್ದೆಲ್ಲ ಟ್ಯಾಕ್ಸಿವೇ ಮೇಲೇ ಮುಗೀತು.

ಟ್ಯಾಂಕರ್_ಪಕ್ಕ:
ಇಂಡೆಕ್ಸ್‌ಗೆ ಯಾವ ಊರಿನ ಬೆಲೆ ಹಾಕಿದ್ರಿ ಅನ್ನೋದೂ ಮುಖ್ಯ. ಎಟಿಎಫ್ ಜಿಎಸ್‌ಟಿಯೊಳಗಿಲ್ಲ, ರಾಜ್ಯಕ್ಕೊಂದು ವ್ಯಾಟ್. ತೈಲ ಕಂಪನಿಗಳು ತಿಂಗಳ ಒಂದನೇ ತಾರೀಖು ದರ ಬದಲಿಸ್ತಾವೆ, ಇಂಡೆಕ್ಸ್ ಪಟ್ಟಿ ಮಾತ್ರ ಆರು ತಿಂಗಳು ಹಳೇದೇ ಇರುತ್ತೆ.

ಅಗ್ಗದ ಊರಲ್ಲಿ ಹೆಚ್ಚು ತುಂಬಿಸಿಕೊಂಡು ಬರೋದೂ ಲೆಕ್ಕವೇ. ಹೆಚ್ಚುವರಿ ಇಂಧನ ಹೊರೋಕೆ ಗಂಟೆಗೆ ಸುಮಾರು ಶೇ 3ರಷ್ಟು ಅದೇ ಕರಗುತ್ತೆ. ಎರಡೂವರೆ ಗಂಟೆಗೆ ಒಂದು ಟನ್‌ನಲ್ಲಿ 75 ಕಿಲೋ ಖೋತಾ. ಅಂದರೆ ತಲುಪುವ ಊರಲ್ಲಿ ಬೆಲೆ ಶೇ 8ಕ್ಕಿಂತ ದುಬಾರಿ ಇದ್ದರಷ್ಟೇ ಗಿಟ್ಟುತ್ತೆ. ಇಳಿಯುವಾಗಿನ ತೂಕದ ಮಿತಿ ಮೀರಬಾರದು. ಇನ್ನೊಂದು ತೊಂದರೆ ಯಾರೂ ಹೇಳಲ್ಲ: ಮೇಲೆ ಕೊರೆದು ತಣ್ಣಗಾದ ಇಂಧನ ರೆಕ್ಕೆಯಲ್ಲಿ ಮೇಲಿನ ತಗಡಿಗೆ ತಾಗುವಷ್ಟು ಉಳಿದಿದ್ದರೆ, ತೇವದ ಗಾಳಿಯಿರುವ ಬೆಚ್ಚನೆ ಊರಲ್ಲೂ ಆ ತಗಡಿನ ಮೇಲೆ ಹಿಮದ ಪೊರೆ ಕಟ್ಟುತ್ತೆ. ಅದು ಹೋಗೋವರೆಗೂ ಹೊರಡೋ ಹಾಗಿಲ್ಲ, ಉಳಿಸಿದ ದುಡ್ಡು ತಡಕ್ಕೆ ಸರಿಹೋಯ್ತು.

ರನ್‌ವೇ_ಬದಿ:
ಥ್ಯಾಂಕ್ಸ್. ಇದೇ 20 ಅನ್ನು ಬೋಯಿಂಗ್ 737ಗೆ ಹಾಕಬಹುದಾ?

ಡಿಸ್ಪ್ಯಾಚ್_ಮೇಜು:
ಬೇಡ. ಏರ್‌ಬಸ್ ಇಂಡೆಕ್ಸಿನ ಅಳತೆ ನಿಮಿಷಕ್ಕೆ ಎಷ್ಟು ಕಿಲೋ ಅಂತ, ಬೋಯಿಂಗ್‌ದು ಗಂಟೆಗೆ ಎಷ್ಟು ನೂರು ಪೌಂಡ್ ಅಂತ. 1.32ರಿಂದ ಗುಣಿಸಿ, 26 ಬರುತ್ತೆ. ಅದೂ ಎರಡರ ನಿಮಿಷದ ಖರ್ಚು ಒಂದೇ ಆಗಿದ್ದರೆ ಮಾತ್ರ.