ಪದಚರ್ಚೆ: ಎನ್‌ಕೋಡಿಂಗ್ ಕೆಲಸಕ್ಕೆ ‘ಕನ್ವರ್ಟ್’ ಎಂಬ ಒಂದೇ ಪದ ಸಾಕೇ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಿಂದ ಬರೆಯುತ್ತಿದ್ದೇನೆ. ಪಠ್ಯದ ಫೈಲ್ ಯಾವ ಎನ್‌ಕೋಡಿಂಗ್‌ನಲ್ಲಿದೆ, ಅಂದರೆ ಅಕ್ಷರಗಳನ್ನು ಯಾವ ಕ್ರಮದಲ್ಲಿ ಅಂಕಿಗಳಾಗಿ ಬರೆದಿಟ್ಟಿದೆ, ಎಂದು ನೋಡಿ, ಬೇಕಾದ ಎನ್‌ಕೋಡಿಂಗ್‌ಗೆ ಬದಲಿಸಿಕೊಡುವ ಪುಟ್ಟ ತಂತ್ರಾಂಶವೊಂದರ ಮೆನುವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇದನ್ನು ಬಳಸುವವರು ಇಲ್ಲಿನ ಡಿಟಿಪಿ ಅಂಗಡಿಯವರು ಮತ್ತು ಈ ಭಾಗದ ತತ್ವಪದಗಳನ್ನು ಕೂಡಿಹಾಕುತ್ತಿರುವ ಕೆಲವು ಮಾಸ್ತರರು. ಅವರ ಹಳೆಯ ಸಿಡಿಗಳಲ್ಲಿ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಪದಗಳು ರಾಶಿ ಬಿದ್ದಿವೆ. ಅವನ್ನೆಲ್ಲ ಯುನಿಕೋಡ್‌ಗೆ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಆದ ಅಂಕಿಪಟ್ಟಿಗೆ, ತರಬೇಕು. ನಾಮಪದಗಳ ಚಿಂತೆ ನನಗೆ ಅಷ್ಟಿಲ್ಲ. ಕ್ರಿಯಾಪದಗಳಲ್ಲೇ ತೊಡಕು.

ನಾಮಪದದ ಮಾತು ಬೇಗ ಮುಗಿಸುತ್ತೇನೆ. ಎನ್‌ಕೋಡಿಂಗ್‌ಗೆ ‘ಸಂಕೇತೀಕರಣ’ ಎಂದು ಬರೆಯುವವರಿದ್ದಾರೆ. ಅಂಗಡಿಯಲ್ಲಿ ತೋರಿಸಿದರೆ, “ಪಾಸ್‌ವರ್ಡ್ ಹಾಕೋದೇನ್ರೀ?” ಎಂದು ಕೇಳುತ್ತಾರೆ. ಗುಟ್ಟಿನ ಬರಹ ಎಂದುಕೊಳ್ಳುತ್ತಾರೆ. ಅದಕ್ಕೆ ‘ಎನ್‌ಕೋಡಿಂಗ್’ ಎಂದೇ ಇಟ್ಟಿದ್ದೇನೆ. ಫಾಂಟ್ ಕೂಡ ಫಾಂಟೇ. ಅದಕ್ಕೆ ‘ಲಿಪಿ’ ಬೇಡ, ಏಕೆಂದರೆ ಇಲ್ಲಿ ಒಂದೇ ಅಂಗಡಿಯಲ್ಲಿ ಕನ್ನಡ, ಉರ್ದು, ಮರಾಠಿ ಮೂರೂ ಕೆಲಸ ನಡೆಯುತ್ತದೆ. ಲಿಪಿ ಎಂದರೆ ಅವರಿಗೆ ಆ ಮೂರೇ.

ಇನ್ನು ‘ಡಿಟೆಕ್ಟ್’. ಇದಕ್ಕೆ ‘ಪತ್ತೆ ಹಚ್ಚು’ ಎಂದು ಬರೆಯುವುದು ರೂಢಿ. ಆದರೆ ಪತ್ತೆಯಾಯಿತು ಎಂದರೆ ಸಿಕ್ಕಿದ್ದು ಖಾತ್ರಿ ಎಂದಾಯಿತು, ಅಲ್ವಾ? ತಂತ್ರಾಂಶ ಮಾಡುವುದು ಅದಲ್ಲ. ಫೈಲಿನೊಳಗೆ ಇರುವುದು ಬರೀ ಬೈಟ್‌ಗಳು, 0ರಿಂದ 255ರವರೆಗಿನ ಅಂಕಿಗಳು. ಶುರುವಿನಲ್ಲೇ 239, 187, 191 ಎಂಬ ಮೂರು ಬೈಟ್ ಕಂಡರೆ ಅದು ಯುಟಿಎಫ್-8ರ, ಅಂದರೆ ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಒಂದು ಎನ್‌ಕೋಡಿಂಗ್‌ನ, ಗುರುತು. ಈ ಗುರುತು ಎಲ್ಲ ಫೈಲ್‌ಗಳಲ್ಲೂ ಇರುವುದಿಲ್ಲ. ಇಲ್ಲದಿದ್ದರೂ ಕನ್ನಡದ ಯುಟಿಎಫ್-8 ಫೈಲ್ ಗುರುತಿಸುವುದು ಕಷ್ಟವಲ್ಲ. ಪ್ರತಿ ಚಿಹ್ನೆಗೂ ಮೂರು ಬೈಟ್. ಮೊದಲನೆಯದು 224, ಎರಡನೆಯದು 178 ಇಲ್ಲವೇ 179. ಬೇರೆ ಎನ್‌ಕೋಡಿಂಗ್‌ನ ಫೈಲಿನಲ್ಲಿ ಉದ್ದಕ್ಕೂ ಹೀಗೇ ಬರುವುದು ತೀರಾ ಅಪರೂಪ. ಒಂದು ಅಕ್ಷರಕ್ಕೆ ಒಂದೇ ಬೈಟ್ ಇರುವ ಹಳೆಯ ಎನ್‌ಕೋಡಿಂಗ್‌ಗಳಲ್ಲಿ ಇಂಥ ಕಟ್ಟುಪಾಡಿಲ್ಲ. ಹೆಚ್ಚುಕಡಿಮೆ ಯಾವ ಬೈಟ್ ಬಂದರೂ ಅಲ್ಲಿ ನಡೆಯುತ್ತದೆ. ಆಗ ಯುಚಾರ್‌ಡೆಟ್‌ನಂಥ ಸಾಧನ ಯಾವ ಅಕ್ಷರ ಎಷ್ಟು ಸಲ ಬಂದಿದೆ, ಯಾವುದರ ಪಕ್ಕ ಬಂದಿದೆ ಎಂದು ಲೆಕ್ಕ ಹಾಕುತ್ತದೆ. ಚಾರ್‌ಡೆಟ್ ಎಂಬ ಇನ್ನೊಂದು ಸಾಧನ ತನ್ನ ಉತ್ತರ ಎಷ್ಟು ನಂಬಬಹುದು ಎಂಬ ಅಂಕಿಯನ್ನೂ ಜೊತೆಗೆ ಕೊಡುತ್ತದೆ. ಇದು ‘ಅಂದಾಜು’. ಮೆನುವಿನಲ್ಲಿ ‘ಎನ್‌ಕೋಡಿಂಗ್ ಅಂದಾಜಿಸು’ ಎಂದು ಬರೆದರೆ ಬಳಸುವವರು ಉತ್ತರವನ್ನು ಇನ್ನೊಮ್ಮೆ ನೋಡುತ್ತಾರೆ ಎಂಬುದು ನನ್ನ ಆಸೆ. ನಮ್ಮ ಕಡೆ ‘ಖೂನ ಹಿಡಿ’ ಎಂಬ ಮಾತಿದೆ, ಗುರುತು ಹಿಡಿಯುವುದಕ್ಕೆ. ಬೆಂಗಳೂರು, ಮೈಸೂರಿನ ಕಡೆಯವರಿಗೆ ಅದು ‘ಖೂನಿ’ಯಂತೆ ಕೇಳಬಹುದು ಎಂದು ಬಿಟ್ಟಿದ್ದೇನೆ.

ನುಡಿ, ಬರಹದ ಹಳೆಯ ಫೈಲ್‌ಗಳಲ್ಲಿ ಅಂದಾಜು ಕೆಲಸಕ್ಕೇ ಬರುವುದಿಲ್ಲ. ಅಲ್ಲಿ ಕಂಪ್ಯೂಟರಿಗೆ ಕಾಣುವುದು ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಅಕ್ಷರಗಳು. ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬಿಡಿಸುವುದು ಫಾಂಟ್. ‘ಕನ್ನಡ’ ಎಂಬ ಪದ ನುಡಿಯ ಹಳೆಯ ಫಾಂಟಿನಲ್ಲಿ 7 ಬೈಟ್, ಯುಟಿಎಫ್-8ರಲ್ಲಿ 15 ಬೈಟ್. ಸಾಧನ ಇದನ್ನು ಪಶ್ಚಿಮ ಯುರೋಪಿನ ಎನ್‌ಕೋಡಿಂಗ್ ಎಂದು ಹೇಳಿದರೆ ಅದರ ಮಟ್ಟಿಗೆ ಅದು ಸರಿಯೇ.

ಈಗ ನನ್ನ ಮುಖ್ಯ ಪ್ರಶ್ನೆ. “ಕನ್ವರ್ಟ್ ಮಾಡೀನ್ರೀ ಸರ, ಆದ್ರೂ ಸರಿ ಕಾಣವಲ್ದು” ಎಂದು ಒಬ್ಬರು ಹೇಳಿದಾಗ ಅವರು ಮಾಡಿದ್ದು ಮೂರರಲ್ಲಿ ಯಾವುದೂ ಆಗಿರಬಹುದು. ಬೈಟ್ ಮುಟ್ಟದೆ ಅದನ್ನೇ ಬೇರೆ ಎನ್‌ಕೋಡಿಂಗ್ ಎಂದು ತಿಳಿದು ತೋರಿಸುವುದು ಒಂದು. ಅಕ್ಷರ ಅದೇ ಉಳಿಸಿ ಬೈಟ್‌ಗಳನ್ನೇ ಹೊಸದಾಗಿ ಬರೆಯುವುದು ಇನ್ನೊಂದು. ಚಷ್ಮಾ ಬದಲಿಸುವುದಕ್ಕೂ ಕಣ್ಣಿನ ಆಪರೇಷನ್‌ಗೂ ಇರುವಷ್ಟು ವ್ಯತ್ಯಾಸ ಇವೆರಡಕ್ಕೂ ಇದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಪಠ್ಯ ತಿದ್ದುವ ತಂತ್ರಾಂಶದ ಎನ್‌ಕೋಡಿಂಗ್ ಮೆನುವಿನಲ್ಲಿ ಮೊದಲನೆಯದು ಮೇಲಿನ ಗುಂಪು, ಎರಡನೆಯದು ‘ಕನ್ವರ್ಟ್’ ಎಂದು ಶುರುವಾಗುವ ಕೆಳಗಿನ ಗುಂಪು. ಮೂರನೆಯದು ನುಡಿಯಿಂದ ಯುನಿಕೋಡ್‌ಗೆ ತರುವುದು. ಇದು ಬರೀ ಎನ್‌ಕೋಡಿಂಗ್ ಬದಲಿಸುವ ಐಕಾನ್ವ್‌ನಂಥ ಸಾಧನಕ್ಕೆ ಆಗದ ಕೆಲಸ. ‘ಧರ್ಮ’ವನ್ನು ನೋಡಿ. ನುಡಿಯ ಹಳೆಯ ಫೈಲಿನಲ್ಲಿ ‘ಮ’ ಮೊದಲು, ಅರ್ಕಾವತ್ತು ಆಮೇಲೆ. ಯುನಿಕೋಡ್‌ನಲ್ಲಿ ‘ರ’ ಮತ್ತು ‘್’ ಮೊದಲು, ‘ಮ’ ಆಮೇಲೆ. ಅಕ್ಷರದ ಜಾಗವನ್ನೇ ಬದಲಿಸಬೇಕು. ಇಲ್ಲಿ ಉರ್ದು ಕೆಲಸ ಮಾಡುವವರಿಗೂ ಇನ್‌ಪೇಜ್ ಎಂಬ ಉರ್ದು ತಂತ್ರಾಂಶದಿಂದ ಯುನಿಕೋಡ್‌ಗೆ ಬರಲು ಬೇರೆಯದೇ ಕನ್ವರ್ಟರ್ ಬೇಕು.

ಪದ ಒಂದೇ ಆದರೆ ಏನಾಗುತ್ತದೆ? ಸರಿಯಾದ ಯುಟಿಎಫ್-8 ಫೈಲನ್ನು ವಿಂಡೋಸ್-1252 (ಪಶ್ಚಿಮ ಯುರೋಪಿನ ಹಳೆಯ ಎನ್‌ಕೋಡಿಂಗ್) ಎಂದು ತೆರೆದು, ಕೆಟ್ಟು ಕಾಣುತ್ತಿದೆ ಎಂದು ಯುಟಿಎಫ್-8ಕ್ಕೆ ‘ಪರಿವರ್ತಿಸಿ’ ಉಳಿಸಿದರೆ ‘ಕ’ದ ಮೂರು ಬೈಟ್ ಏಳಾಗುತ್ತವೆ. ಇದನ್ನು ಎಷ್ಟೋ ಸಲ ಹಿಂದಕ್ಕೆ ತಿರುಗಿಸಬಹುದು, ಆದರೆ ಕನ್ನಡಕ್ಕೆ ಒಂದು ಅಪಾಯ ಜಾಸ್ತಿ. ವಿಂಡೋಸ್-1252ರಲ್ಲಿ 129, 141, 143, 144, 157 ಈ ಐದು ಜಾಗ ಖಾಲಿ. ಕನ್ನಡದ ‘ು’, ‘್’, ‘ಏ’, ‘ಐ’, ‘ಝ’ ಇವುಗಳ ಕೊನೆಯ ಬೈಟ್ ಸರಿಯಾಗಿ ಇವೇ. ಕೆಲವು ತಂತ್ರಾಂಶಗಳು ಖಾಲಿ ಜಾಗಕ್ಕೆ ಪ್ರಶ್ನೆಯ ಗುರುತು ಹಾಕಿ ಉಳಿಸಿಬಿಡುತ್ತವೆ. ಆಗ ಕೊಂಬು, ಒತ್ತಕ್ಷರ ಎರಡೂ ಹೋದಂತೆ. ಬೇರೆ ಪ್ರತಿ ಇಲ್ಲದ ತತ್ವಪದದ ಫೈಲಿಗೆ ಹೀಗಾದರೆ ಪದವೇ ಹೋಯಿತು.

ಅದಕ್ಕೆ ಮೊದಲ ಕೆಲಸಕ್ಕೆ ‘ಬೇರೆಯಾಗಿ ಓದು’, ಎರಡನೆಯದಕ್ಕೆ ‘ಬೇರೆಯಾಗಿ ಬರೆ’ ಎಂದು ಇಡೋಣ ಅನ್ನಿಸುತ್ತಿದೆ. ಓದಿದರೆ ಫೈಲ್ ಕೆಡುವುದಿಲ್ಲ, ಬರೆದರೆ ಬದಲಾಗುತ್ತದೆ ಎಂಬುದು ಯಾರಿಗೂ ಹೇಳದೆ ತಿಳಿಯುತ್ತದೆ. ‘ಪರಿವರ್ತನೆ’ ಪದವನ್ನು ಎರಡಕ್ಕೂ ಬಳಸುವುದಿಲ್ಲ. ಮೂರನೆಯದಕ್ಕೆ ನನಗೆ ಪದ ಸಿಕ್ಕಿಲ್ಲ. ‘ನುಡಿಯಿಂದ ಯುನಿಕೋಡ್‌ಗೆ’ ಎಂದು ಕ್ರಿಯಾಪದವಿಲ್ಲದೆ ಬಿಟ್ಟಿದ್ದೇನೆ.

ಇನ್ನೊಂದು ಸಣ್ಣದು. ಗುರಿಯ ಎನ್‌ಕೋಡಿಂಗ್‌ನಲ್ಲಿ ಇಲ್ಲದ ಅಕ್ಷರ ಬಂದರೆ ಐಕಾನ್ವ್ ಅಲ್ಲೇ ನಿಲ್ಲುತ್ತದೆ. ‘ಟ್ರಾನ್ಸ್‌ಲಿಟ್’ ಎಂಬ ಸೂಚನೆ ಕೊಟ್ಟರೆ, ಬಾಗಿದ ಉದ್ಧರಣ ಚಿಹ್ನೆಗೆ ನೇರ ಚಿಹ್ನೆ ಹಾಕುವಂತೆ, ಹತ್ತಿರದ ರೂಪ ಹುಡುಕಿ ಹಾಕುತ್ತದೆ. ಇದನ್ನು ‘ಲಿಪ್ಯಂತರ’ ಎಂದರೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುತ್ತದೆ ಎಂದು ಜನ ಕಾಯುತ್ತಾರೆ. ‘ಹತ್ತಿರದ್ದು ಹಾಕು’ ಎಂದು ಬರೆದಿದ್ದೇನೆ.

ಬೀದರ್, ಯಾದಗಿರಿಯ ಡಿಟಿಪಿಯವರು, ಅವರನ್ನು ಬಲ್ಲವರು ಇದ್ದರೆ ಒಂದು ಕೇಳಿಕೆ. ಪರದೆಯ ಮೇಲೆ ಡಬ್ಬಿ ಡಬ್ಬಿ ಕಂಡರೆ ಫಾಂಟ್ ಇಲ್ಲ ಎಂದರ್ಥ. ಗೀಟು ಹೊತ್ತ ಇಂಗ್ಲಿಷ್ ‘ಎ’ ಮತ್ತು ಪುಟ್ಟ 2, ಪುಟ್ಟ 3 ಸಾಲಾಗಿ ಕಂಡರೆ ಓದಿದ್ದು ತಪ್ಪು. ಪ್ರಶ್ನೆಯ ಗುರುತೇ ತುಂಬಿದ್ದರೆ ಅಕ್ಷರ ಹೋಗಿರುವುದೇ ಹೆಚ್ಚು. ಕಲಬುರಗಿಯಲ್ಲಿ ಮೂರಕ್ಕೂ “ಅಕ್ಷರ ಕೆಟ್ಟಾವ್ರೀ” ಎನ್ನುತ್ತಾರೆ. ನಿಮ್ಮಲ್ಲಿ ಇವಕ್ಕೆ ಬೇರೆ ಬೇರೆ ಮಾತು ಇವೆಯೇ? ಇದ್ದರೆ ಸಹಾಯ ಪುಟಕ್ಕೆ ಅವನ್ನೇ ತೆಗೆದುಕೊಳ್ಳುತ್ತೇನೆ. ‘ಬೇರೆಯಾಗಿ ಓದು’, ‘ಬೇರೆಯಾಗಿ ಬರೆ’ ಜೋಡಿಗೆ ಇನ್ನೂ ಚೆನ್ನಾದದ್ದು ಹೊಳೆದರೆ ಅದನ್ನೂ ತಿಳಿಸಿ. ಮೆನುವಿನಲ್ಲಿ ಜಾಗ ಕಡಿಮೆ, ಎರಡು ಪದ ಮೀರದಿರಲಿ.