1993ರ ಎನ್‌ಎಸ್‌ಎಕ್ಸ್-ಆರ್ ಕಾರನ್ನು ಜಪಾನಿನಿಂದ ಬೆಂಗಳೂರಿಗೆ ತರಬಹುದೇ?

ಕಾವಾಸಾಕಿಯ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷ ಜಪಾನಿನಲ್ಲಿದ್ದು ಬರುವ ಏಪ್ರಿಲ್‌ನಲ್ಲಿ ಸಂಸಾರ ಸಮೇತ ಜಯನಗರಕ್ಕೆ ಮರಳುತ್ತಿದ್ದೇನೆ. ಹಿಂದಿನ ಕಂಪನಿಯ ಷೇರು ಮಾರಿದ ಹಣ ಕೈಗೆ ಬಂದಿದೆ. ಅದರಲ್ಲಿ ಸರ್ಜಾಪುರದ ಕಡೆ ಸೈಟು ಕೊಳ್ಳೋಣ ಎಂದು ಹೆಂಡತಿ ಹೇಳುತ್ತಾಳೆ. ನನ್ನ ಮನಸ್ಸು ಸೈತಾಮಾದ ಒಂದು ಶೆಡ್ಡಿನಲ್ಲಿ ಸಿಕ್ಕಿಕೊಂಡಿದೆ.

ಅಲ್ಲಿ ಪರಿಚಿತ ಹಿರಿಯರೊಬ್ಬರ ಬಳಿ 1993ರ ಹೋಂಡಾ ಎನ್‌ಎಸ್‌ಎಕ್ಸ್-ಆರ್ ಎಂಬ ಸ್ಪೋರ್ಟ್ಸ್ ಕಾರು ಇದೆ. ಬಿಳಿ ಮೈ, ಕೆಂಪು ಲಾಂಛನ, ಕೆಂಪು ಸೀಟು. ವಯಸ್ಸಾಯಿತು, ಓಡಿಸಲು ಮಂಡಿ ಬಿಡುತ್ತಿಲ್ಲ, ನೋಡಿಕೊಳ್ಳುವವರ ಕೈಗೆ ಕೊಡುತ್ತೇನೆ ಎನ್ನುತ್ತಾರೆ. ಬೆಲೆ ಕೋಟಿಗಳಲ್ಲಿದೆ, ಅದು ಗೊತ್ತು. ಮನೆ ಸಾಮಾನಿನ ಜೊತೆ ಇದನ್ನೂ ಕಂಟೇನರಿನಲ್ಲಿ ತರಬಹುದೇ? ತಂದರೆ ಬೆಂಗಳೂರಿನಲ್ಲಿ ಇದನ್ನು ಮುಟ್ಟಬಲ್ಲವರು ಯಾರಾದರೂ ಇದ್ದಾರೆಯೇ? ವಾರಕ್ಕೊಮ್ಮೆಯಾದರೂ ಓಡಿಸಬೇಕೆಂಬ ಆಸೆ. "ಎರಡು ಸೀಟಿನ ಕಾರಿಗೆ ಇಷ್ಟು ದುಡ್ಡೇ, ನಿನ್ನ ಮಗಳನ್ನು ಎಲ್ಲಿ ಕೂರಿಸುತ್ತೀಯ?" ಎಂದು ಅಪ್ಪ ಕೇಳಿ ಆಗಿದೆ. ದಯವಿಟ್ಟು ಆ ಪ್ರಶ್ನೆಯನ್ನು ನೀವೂ ಕೇಳಬೇಡಿ.

ಹೆಬ್ಬಾಳ ಮೇಲ್ಸೇತುವೆ

ಸುಲಭ ಸರ್. 25 ವರ್ಷ ದಾಟಿದ ಕಾರಿಗೆ ಯಾವ ತಕರಾರೂ ಇಲ್ಲ. ಅಮೆರಿಕದಲ್ಲಿ ನನ್ನ ಅಣ್ಣನ ಸ್ನೇಹಿತರು ಹಳೆಯ ನಿಸಾನ್ ಸ್ಕೈಲೈನ್ ಕಾರನ್ನು ಹಾಗೆಯೇ ತರಿಸಿಕೊಂಡರು.

ಬಂದರಿನ ಗುಮಾಸ್ತ

ಮೇಲಿನವರು ಹೇಳಿದ್ದು ಅಮೆರಿಕದ ನಿಯಮ. ನಮ್ಮಲ್ಲಿ ಹೆಚ್ಚು ಕಡಿಮೆ ಅದರ ತಿರುಗಾಮುರುಗಾ. ಆಮದು ವ್ಯವಹಾರದ ಕಾಗದಪತ್ರ ನೋಡುವುದೇ ನನ್ನ ಕೆಲಸ, ಆದ್ದರಿಂದ ಖಚಿತವಾಗಿ ಹೇಳುತ್ತೇನೆ. ಬಳಸಿದ ಕಾರು ಭಾರತಕ್ಕೆ ಬರಬೇಕಾದರೆ ಅದಕ್ಕೆ ಮೂರು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿರಬಾರದು. ಜೊತೆಗೆ ಸ್ಟಿಯರಿಂಗ್ ಬಲಗಡೆ ಇರಬೇಕು. ಜಪಾನಿನ ಕಾರಾದ್ದರಿಂದ ಎರಡನೆಯದು ನಿಮಗೆ ತೊಂದರೆಯಲ್ಲ, ಮೊದಲನೆಯದರಲ್ಲೇ ಮುಗಿಯಿತು. ವಿದೇಶದಿಂದ ವಾಸ ಬದಲಿಸುವವರಿಗೆ ಮನೆ ಸಾಮಾನಿನ ಮೇಲೆ ಸಿಗುವ ರಿಯಾಯಿತಿ ಮೋಟಾರು ವಾಹನಕ್ಕೆ ಅನ್ವಯಿಸುವುದಿಲ್ಲ. ಫ್ರಿಜ್ ತನ್ನಿ, ವಾಷಿಂಗ್ ಮಷೀನ್ ತನ್ನಿ, ಕಾರು ಬೇಡ.

ಐವತ್ತು ವರ್ಷ ದಾಟಿದ ಹಳೆಯ ಕಾರುಗಳಿಗೆ ಬೇರೆ ದಾರಿ ಇದೆ. ಲೆಕ್ಕ ಹಾಕಿ, ನಿಮ್ಮ ಕಾರಿಗೆ 2043ರಲ್ಲಿ ಆ ಯೋಗ. ಇನ್ನೊಂದು ದಾರಿ, ಕಾರ್ನೆ ಎಂಬ ತಾತ್ಕಾಲಿಕ ಆಮದು ಪತ್ರದ ಮೇಲೆ ಕೆಲವು ತಿಂಗಳ ಮಟ್ಟಿಗೆ ತರುವುದು. ಆದರೆ ಅದು ಪ್ರವಾಸಿಗರಿಗೆ ಇರುವ ವ್ಯವಸ್ಥೆ, ಕಾರು ಮರಳಿ ದೇಶ ಬಿಟ್ಟು ಹೋಗಲೇಬೇಕು. ಊರಿಗೆ ಬಂದು ನೆಲೆಸುವವರು ಅದನ್ನು ನಂಬಿಕೊಂಡು ಕಂಟೇನರ್ ತುಂಬಿಸಬೇಡಿ.

ವಿಲ್ಸನ್ ಗಾರ್ಡನ್ ಟಿಂಕರಿಂಗ್

ಕಾನೂನಿನ ಮಾತು ಮುಗಿಯಿತಲ್ಲ. ನಾಳೆ ಕಾನೂನೇ ಬದಲಾಯಿತು ಎಂದು ಇಟ್ಟುಕೊಳ್ಳಿ, ಆಗಲೂ ನಾನು ಬೇಡ ಎನ್ನುತ್ತೇನೆ. ಆ ಕಾರಿನ ಮೇಲೆ ಪ್ರೀತಿ ಇಲ್ಲದೆ ಹೇಳುತ್ತಿಲ್ಲ.

1998ರಿಂದ ಮೂರು ವರ್ಷ ನಾನು ಉತ್ಸುನೊಮಿಯಾ ಊರಿನ ಒಂದು ಚಿಕ್ಕ ಗ್ಯಾರೇಜಿನಲ್ಲಿ ತರಬೇತಿಗಿದ್ದೆ. ಎನ್‌ಎಸ್‌ಎಕ್ಸ್ ತಯಾರಾಗುತ್ತಿದ್ದ ತಕಾನೆಜಾವಾ ಅದೇ ತೋಚಿಗಿ ಪ್ರಾಂತದಲ್ಲಿದೆ, ಹಾಗಾಗಿ ಆ ಕಾರುಗಳು ನಮ್ಮಲ್ಲಿಗೂ ಬರುತ್ತಿದ್ದವು. ಅದರ ಇಡೀ ಮೈ ಅಲ್ಯೂಮಿನಿಯಂ. 1990ರಲ್ಲಿ ಹಾಗೆ ಕಾರು ಮಾಡಿ ಶೋರೂಮಿನಲ್ಲಿ ಮಾರುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ಗ್ಯಾರೇಜಿನ ಒಂದು ಮೂಲೆಯನ್ನು ಯಜಮಾನರು ಪ್ಲಾಸ್ಟಿಕ್ ಪರದೆ ಕಟ್ಟಿ ಬೇರೆ ಮಾಡಿದ್ದರು. ಅದರೊಳಗಿನ ಸುತ್ತಿಗೆ, ಅರ, ಬ್ರಷ್ಷು ಯಾವುದೂ ಹೊರಗೆ ಬರುವಂತಿಲ್ಲ, ಹೊರಗಿನದು ಒಳಗೆ ಹೋಗುವಂತಿಲ್ಲ. ಮಡಿ ಬಟ್ಟೆಯ ಹಾಗೆ. ನಾನು ಒಂದು ದಿನ ತಿಳಿಯದೆ, ಕಬ್ಬಿಣದ ಕಾರಿಗೆ ಉಜ್ಜಿದ ತಂತಿ ಬ್ರಷ್ಷನ್ನು ಹಿಡಿದು ಒಳಗೆ ಹೋದೆ. ಯಜಮಾನರು ಬೈಯಲಿಲ್ಲ. ಬ್ರಷ್ಷನ್ನು ಕೈಯಿಂದ ಇಸಿದುಕೊಂಡು ಕಸದ ಡಬ್ಬಕ್ಕೆ ಹಾಕಿ, ಅಲ್ಯೂಮಿನಿಯಂ ಹಲಗೆಯ ಮೇಲೆ ಬಿದ್ದಿರಬಹುದಾದ ಕಬ್ಬಿಣದ ಪುಡಿಯನ್ನು ಅರ್ಧ ಗಂಟೆ ಒರೆಸಿದರು. ಆ ಪುಡಿ ಅಲ್ಲೇ ಕೂತರೆ ತೇವ ಸಿಕ್ಕಾಗ ಅಲ್ಯೂಮಿನಿಯಂ ತಿನ್ನಲು ಶುರು, ಬಣ್ಣದ ಕೆಳಗೆ ಗುಳ್ಳೆ ಏಳುತ್ತದೆ. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ.

ಇಲ್ಲಿ ಇದನ್ನು ಮುಟ್ಟಬಲ್ಲವರಿದ್ದಾರೆಯೇ ಎಂದು ಕೇಳಿದಿರಿ. ಎಂಜಿನ್ ಬಿಚ್ಚಿ ಜೋಡಿಸುವ ಕೈಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಬಾಗಿಲಿಗೆ ಯಾರೋ ಬೈಕಿನ ಹ್ಯಾಂಡಲ್ ತಗುಲಿಸಿ ಹೋದರೆ ಏನು ಮಾಡುತ್ತೀರಿ? ಕಬ್ಬಿಣದ ತಗಡಿನ ಹಾಗೆ ಕಾಯಿಸಿ ಬಡಿದರೆ ಕೆಟ್ಟಿತು. ನಾನು ಮಾಡಬಲ್ಲೆ, ಆದರೆ ಇನ್ನೆಷ್ಟು ವರ್ಷ ಮಾಡುತ್ತೇನೋ ಗೊತ್ತಿಲ್ಲ, ಕಣ್ಣಿನ ಪೊರೆ ತೆಗೆಸಬೇಕು.

ಈಗ ಹೆಸರಿನ ಕೊನೆಯ ಆರ್ ವಿಷಯ, ಅಂದರೆ ಎನ್‌ಎಸ್‌ಎಕ್ಸ್‌ನ ಹಗುರ ಮಾಡಿದ ಮಾದರಿ. ನಮ್ಮಲ್ಲಿಗೆ ಒಬ್ಬ ದಂತವೈದ್ಯರು 1994ರ ಆರ್ ತರುತ್ತಿದ್ದರು. ಆ ಹೆಸರು ಕೇಳಿದವರೆಲ್ಲ ಎಂಜಿನ್‌ನಲ್ಲಿ ಏನೋ ಹೆಚ್ಚುವರಿ ಇದೆ ಎಂದುಕೊಳ್ಳುತ್ತಾರೆ. ಕಾಗದದ ಮೇಲೆ ಅದೇ ಮೂರು ಲೀಟರಿನ ವಿ6, ಅದೇ 280 ಅಶ್ವಶಕ್ತಿ. ಟೈಟಾನಿಯಂ ಕನೆಕ್ಟಿಂಗ್ ರಾಡುಗಳು ಮಾಮೂಲಿ ಕಾರಿನಲ್ಲೂ ಇವೆ. ಆರ್‌ಗೆ ಕ್ರ್ಯಾಂಕ್ ಮುಂತಾದ ಭಾಗಗಳನ್ನು ಇನ್ನೂ ಸೂಕ್ಷ್ಮವಾಗಿ ತೂಗಿ ಸರಿದೂಗಿಸಿ ಕೈಯಿಂದ ಜೋಡಿಸುತ್ತಿದ್ದರು, ಸ್ಪ್ರಿಂಗುಗಳನ್ನು ಗಟ್ಟಿ ಮಾಡಿದರು, ಗೇರಿನ ಕೊನೆಯ ಅನುಪಾತ ಬದಲಿಸಿದರು. ದೊಡ್ಡ ಕೆಲಸವೆಲ್ಲ ಕಿತ್ತು ಹಾಕುವುದರಲ್ಲಿತ್ತು. ಸದ್ದು ತಡೆಯುವ ಪದರ ಕಿತ್ತರು. ಸ್ಪೇರ್ ಚಕ್ರ ತೆಗೆದರು. ಸಂಗೀತ ತೆಗೆದರು. ಏಸಿ ತೆಗೆದರು, ಬೇಕೆಂದವರು ದುಡ್ಡು ಕೊಟ್ಟು ಹಾಕಿಸಿಕೊಳ್ಳಬಹುದಿತ್ತು. ಚರ್ಮದ ಸೀಟಿನ ಬದಲು ಕಾರ್ಬನ್-ಕೆವ್ಲಾರ್ ಚಿಪ್ಪಿನ ರೆಕಾರೋ ಸೀಟು ಕೂರಿಸಿದರು. ಹೀಗೆ ಒಟ್ಟು 120 ಕೆ.ಜಿ. ಇಳಿಯಿತು, 1,350 ಇದ್ದದ್ದು 1,230 ಆಯಿತು. ಇಬ್ಬರು ಸಾಧಾರಣ ಮೈಯ ಗಂಡಸರನ್ನು ಕೆಳಗಿಳಿಸಿದಂತೆ. 1992ರಿಂದ 1995ರವರೆಗೆ ಇಂಥವು 483 ಕಾರು ಆದವು, ಜಪಾನಿನಾಚೆಗೆ ಮಾರಲೇ ಇಲ್ಲ.

ದಂತವೈದ್ಯರು ಒಂದು ಭಾನುವಾರ ನನ್ನನ್ನು ಮೊತೆಗಿಯ ರೇಸ್ ಸರ್ಕಿಟ್‌ಗೆ ಕರೆದುಕೊಂಡು ಹೋದರು. ಫೆಬ್ರವರಿ ತಿಂಗಳ ಮುಂಜಾನೆ, ಗದ್ದೆಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಶೆಡ್ಡಿನಿಂದ ಕಾರನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಎಂದರು. ಗೇರಿನ ಗುಂಡು ಟೈಟಾನಿಯಂನದು, ನುಣ್ಣಗೆ, ಕೋಳಿಮೊಟ್ಟೆಗಿಂತ ಕೊಂಚ ಚಿಕ್ಕದು. ಮುಟ್ಟಿದೆ ನೋಡಿ, ಬೆರಳು ಸುಟ್ಟಂತಾಗಿ ಕೈ ಹಿಂದೆಳೆದುಕೊಂಡೆ. ಅಷ್ಟು ತಣ್ಣಗೆ. ಅವರು ನಕ್ಕು ಜೇಬಿನಿಂದ ಉಣ್ಣೆಯ ಕೈಗವಸು ತೆಗೆದು ಕೊಟ್ಟರು. ಅದೇ ಗುಂಡು ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಎರಡು ಗಂಟೆ ನಿಂತರೆ ಹೇಗಿರುತ್ತದೆ, ಯೋಚಿಸಿ.

ದಾರಿಯುದ್ದಕ್ಕೂ ಚಕ್ರಕ್ಕೆ ಸಿಕ್ಕ ಒಂದೊಂದು ಕಲ್ಲಿನ ಚೂರೂ ತಗಡಿಗೆ ಬಡಿದು ಟಣ್ ಎನ್ನುತ್ತಿತ್ತು. ಸೇತುವೆಯ ಕೀಲು ಬಂದಾಗಲೆಲ್ಲ ನನ್ನ ಹಲ್ಲು ಹಲ್ಲಿಗೆ ತಾಗುತ್ತಿತ್ತು, ಪಕ್ಕದಲ್ಲೇ ದಂತವೈದ್ಯರು ಇದ್ದದ್ದು ಒಂದು ಸಮಾಧಾನ. ಜಪಾನಿನ ರಸ್ತೆ ಅದು, ನೆನಪಿರಲಿ. ಸರ್ಕಿಟ್‌ಗೆ ಇಳಿದ ಮೇಲೆ ಅದೇ ಕಾರು ಬೇರೆಯಾಯಿತು. ಎಂಜಿನ್ ನಿಮಿಷಕ್ಕೆ 5,800 ಸುತ್ತು ದಾಟಿದೊಡನೆ, ವಾಲ್ವುಗಳನ್ನು ಇನ್ನೂ ಹೆಚ್ಚು ತೆರೆಯುವ ವಿಟೆಕ್ ವ್ಯವಸ್ಥೆ ಎದ್ದು ಬೆನ್ನ ಹಿಂದಿನ ಎಂಜಿನ್ನಿನ ದನಿ ಏರಿತು, 8,000ದವರೆಗೆ ಇಳಿಯಲೇ ಇಲ್ಲ. ತಿರುವಿನಲ್ಲಿ ಅವರ ಕೈ ಸ್ಟಿಯರಿಂಗಿನ ಮೇಲೆ ಎರಡು ಬೆರಳಗಲ ಅತ್ತಿತ್ತ ಆಡುತ್ತಿತ್ತು, ಅಷ್ಟೇ. ಬೆಳಗಿನಿಂದ ಹಲ್ಲು ಅಲುಗಿಸಿದ ಸ್ಪ್ರಿಂಗುಗಳು ಯಾವ ಕೆಲಸಕ್ಕೆ ಇದ್ದವೆಂದು ಆಗ ತಿಳಿಯಿತು.

ಈ ಕಾರನ್ನು ಜಯನಗರದಲ್ಲಿ ಎಲ್ಲಿ ಓಡಿಸುತ್ತೀರಿ? ಪವರ್ ಸ್ಟಿಯರಿಂಗ್ ಇಲ್ಲ. ಏಸಿ ಇದೆಯೋ ಇಲ್ಲವೋ ನೋಡಿ ಹೇಳಿ. ಪಂಕ್ಚರ್ ಆದರೆ ಸ್ಪೇರ್ ಇಲ್ಲ. ಟಯರು ಮುಂದೆ 15 ಇಂಚು, ಹಿಂದೆ 16 ಇಂಚು, ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ನಿಮ್ಮನ್ನೇ ಮೇಲಿಂದ ಕೆಳಗೆ ನೋಡುತ್ತಾರೆ. ಹಂಪ್‌ಗಳ ಮಾತು ನಾನು ಎತ್ತುವುದೇ ಇಲ್ಲ.

ಸದಾಶಿವನಗರದ ಸೊಸೆ

ಹಂಪ್ ಮಾತು ನಾನು ಎತ್ತುತ್ತೇನೆ. ನಮ್ಮ ಭಾವನವರ ಬಳಿ ನಿಸಾನ್ ಜಿಟಿ-ಆರ್ ಇದೆ, 2016ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂತಲ್ಲ, ದೆಹಲಿ ಶೋರೂಮ್ ಬೆಲೆ 1.99 ಕೋಟಿ ಇದ್ದದ್ದು, ಅದೇ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ 18 ಶೇಕಡಾ, ಮೇಲೆ ಸೆಸ್ಸು. ಆ ಮೊತ್ತವನ್ನು ಭಾವನವರು ಅಕ್ಕನಿಗೆ ಇನ್ನೂ ಹೇಳಿಲ್ಲ.

ಅವರ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಇಳಿಜಾರಿಗೆ ಬಂದಾಗ ಪಕ್ಕದಲ್ಲಿ ಕೂತವರು ಇಳಿಯಬೇಕು, ಇಲ್ಲದಿದ್ದರೆ ಮುಂದಿನ ಬಂಪರಿನ ತುಟಿ ನೆಲಕ್ಕೆ ಕೆರೆಯುತ್ತದೆ. ಮದುವೆಗೆ ಹೊರಟ ರೇಷ್ಮೆ ಸೀರೆಯಲ್ಲಿ ನಾನು ಇಳಿದು, ನಡೆದು, ಮೇಲೆ ಹೋಗಿ ಮತ್ತೆ ಹತ್ತಿದ್ದೇನೆ. ಹೀಗಿದ್ದೂ ಅವರಿಗೆ ಅದೇ ಜಿಟಿ-ಆರ್‌ನ ಇನ್ನೂ ಗಟ್ಟಿಯಾದ ನಿಸ್ಮೋ ಮಾದರಿ ಬೇಕಿತ್ತಂತೆ. 600 ಅಶ್ವಶಕ್ತಿ, ಅವರದಕ್ಕಿಂತ 30 ಹೆಚ್ಚು. ಅದು ಇಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬರಲೇ ಇಲ್ಲ, ಈಗ 2025ರ ಆಗಸ್ಟ್‌ನಲ್ಲಿ ತಯಾರಿಕೆಯೇ ನಿಂತಿದೆ, ನಾನು ಬದುಕಿದೆ.

ಆದರೆ ಒಂದು ಮಾತು ಅಣ್ಣ. ಭಾವನವರು ವರ್ಷಕ್ಕೆರಡು ಸಲ ಶ್ರೀಪೆರಂಬದೂರಿನ ಹತ್ತಿರದ ಟ್ರ್ಯಾಕಿಗೆ ಹೋಗುತ್ತಾರೆ. ಇಲ್ಲಿಂದ ಸುಮಾರು 300 ಕಿ.ಮೀ., ಸುತ್ತು 3.7 ಕಿ.ಮೀ. ಅಲ್ಲಿಂದ ಬಂದ ವಾರ ಮನೆಯಲ್ಲಿ ಯಾರ ಮೇಲೂ ರೇಗುವುದಿಲ್ಲ. ಆ ಲೆಕ್ಕದಲ್ಲಿ ಕಾರು ದುಬಾರಿಯಲ್ಲ ಎಂದು ಅಕ್ಕ ಹೇಳುತ್ತಾಳೆ.

ವಿಲ್ಸನ್ ಗಾರ್ಡನ್ ಟಿಂಕರಿಂಗ್

ಅಮ್ಮಾ, ನಿಮ್ಮ ಭಾವನವರ ಕಾರು ಒಳ್ಳೆಯದೇ, ಆದರೆ ಅದು ಎರಡು ಟರ್ಬೊ ಇಟ್ಟುಕೊಂಡು ಕಂಪ್ಯೂಟರಿನ ಕೈ ಹಿಡಿದು ಓಡುವ ಕಾರು. ಎನ್‌ಎಸ್‌ಎಕ್ಸ್ ಬೇರೆ ಜಾತಿ. ರೇಷ್ಮೆ ಸೀರೆಯ ವಿಷಯದಲ್ಲಿ ಮಾತ್ರ ಎರಡೂ ಒಂದೇ.

ಕಾವಾಸಾಕಿಯ ಕನ್ನಡಿಗ

ಗುಮಾಸ್ತರೇ, 2043 ಎಂದು ಓದಿ ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಎದ್ದು ಹೋದಳು. ತರುವ ಆಸೆ ಬಿಟ್ಟೆ.

ಟಿಂಕರಿಂಗ್ ಸರ್, ಇನ್ನೊಂದು ಯೋಚನೆ ಇದೆ. ಕೊಂಡು ಜಪಾನಿನಲ್ಲೇ ಇಟ್ಟರೆ? ಕೆಲಸದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಬರಲೇಬೇಕು. ಆ ಹಿರಿಯರೇ ಶೆಡ್ಡಿನಲ್ಲಿ ಜಾಗ ಕೊಡುತ್ತಾರಂತೆ. ಅಂದ ಹಾಗೆ, ಏಸಿ ಇಲ್ಲ.

ವಿಲ್ಸನ್ ಗಾರ್ಡನ್ ಟಿಂಕರಿಂಗ್

ಇದು ಕೇಳುವಂಥ ಮಾತು.

ಖರ್ಚು ನಿಮಗೆ ಅಲ್ಲಿದ್ದು ಗೊತ್ತೇ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಶಾಕೆನ್ ತಪಾಸಣೆ, ವರ್ಷಕ್ಕೆ 51,000 ಯೆನ್ ತೆರಿಗೆ, 13 ವರ್ಷ ದಾಟಿದ ಕಾರಾದ್ದರಿಂದ ಅದರ ಮೇಲೆ ಸುಮಾರು 15 ಶೇಕಡಾ ಹೆಚ್ಚು. ದೀರ್ಘ ಕಾಲ ಓಡಿಸುವುದಿಲ್ಲವಾದರೆ ನೋಂದಣಿಯನ್ನು ತಾತ್ಕಾಲಿಕವಾಗಿ ರದ್ದು ಮಾಡಿಸಬಹುದು, ಆಗ ತೆರಿಗೆ ಇಲ್ಲ. ಇವೆಲ್ಲ ಸಣ್ಣ ಬಾಬತ್ತು. ನಿಲ್ಲಿಸಿಟ್ಟ ಕಾರಿಗೆ ಬೇರೆ ರೋಗಗಳು ಬರುತ್ತವೆ. ಟೈಮಿಂಗ್ ಬೆಲ್ಟಿಗೆ ಓಡಿಸದಿದ್ದರೂ ವಯಸ್ಸಾಗುತ್ತದೆ, ಮೀಟರ್ ನೋಡಿ ಮೋಸ ಹೋಗಬೇಡಿ, ಕೊನೆಯದಾಗಿ ಬದಲಿಸಿದ ತಾರೀಖು ಕೇಳಿ. ವಾಟರ್ ಪಂಪನ್ನು ಅದರ ಜೊತೆಗೇ ಹಾಕಿಸಿದ್ದಾರೆಯೇ ಕೇಳಿ.

ಇದಕ್ಕಿಂತ ಮುಖ್ಯ, ಅದು ಅಸಲಿ ಆರ್ ಹೌದೇ ಎನ್ನುವುದು. ಮಾಮೂಲಿ ಎನ್‌ಎಸ್‌ಎಕ್ಸ್‌ಗೆ ಬಿಳಿ ಬಣ್ಣ ಹೊಡೆದು, ರೆಕಾರೋ ಕೂರಿಸಿ, ಕೆಂಪು ಲಾಂಛನ ಅಂಟಿಸುವುದು ಕಷ್ಟದ ಕೆಲಸವಲ್ಲ, ನಾನೇ ಮಾಡಬಲ್ಲೆ. ಹಿರಿಯರು ಒಳ್ಳೆಯವರೇ ಇರಬಹುದು, ಅವರಿಗೆ ಮಾರಿದವನು? ಮೊದಲ ದಿನದಿಂದ ಇರುವ ಸರ್ವಿಸ್ ಪುಸ್ತಕ ಕೇಳಿ. ಎನ್‌ಎಸ್‌ಎಕ್ಸ್ ಮಾಲೀಕರಿಗೆಂದೇ ಹೋಂಡಾ 1993ರಿಂದ ರಿಫ್ರೆಶ್ ಪ್ಲಾನ್ ಎಂಬ ವ್ಯವಸ್ಥೆ ನಡೆಸಿದೆ, ಕಾರನ್ನು ತೋಚಿಗಿಗೆ ಒಯ್ದು ಬಿಚ್ಚಿ ಹೊಸದರಂತೆ ಮಾಡಿ ಕೊಡುವುದು. ಅಲ್ಲಿಗೆ ಒಮ್ಮೆ ಹೋಗಿ ಬಂದ ಕಾರಾದರೆ ಕಾಗದ ಇದ್ದೇ ಇರುತ್ತದೆ. ಕಾಗದ ಕಳೆದುಹೋಗಿದೆ ಎಂದರೆ ಚಹಾ ಕುಡಿದು ಎದ್ದು ಬನ್ನಿ.

ನೋಡಲು ಹೋಗುವುದು ಯಾವಾಗ?

ಕಾವಾಸಾಕಿಯ ಕನ್ನಡಿಗ

ಬರುವ ಭಾನುವಾರ ಬೆಳಗ್ಗೆ ಏಳಕ್ಕೆ. ಮಗಳನ್ನೂ ಕರೆದುಕೊಂಡು ಹೋಗುತ್ತಿದ್ದೇನೆ, ಎರಡನೆಯ ಸೀಟು ಅವಳದೇ ಎಂದು ಈಗಾಗಲೇ ಹೇಳಿಬಿಟ್ಟಿದ್ದಾಳೆ. ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು, ಹೆಂಡತಿಯದು ಉಳಿಯಿತು.

ವಿಲ್ಸನ್ ಗಾರ್ಡನ್ ಟಿಂಕರಿಂಗ್

ಹೋದಾಗ ಬಾಗಿಲಿನ ಕೆಳ ಅಂಚು ಮತ್ತು ಹಿಂದಿನ ಚಕ್ರದ ಕಮಾನಿನ ಒಳಮೈಯನ್ನು ಬೆರಳಿನಿಂದ ಸವರಿ ನೋಡಿ. ಬಣ್ಣದ ಕೆಳಗೆ ಸಾಸಿವೆಯಷ್ಟು ಗುಳ್ಳೆ ಸಿಕ್ಕಿದರೂ ಫೋಟೊ ತೆಗೆದು ಇಲ್ಲಿ ಹಾಕಿ, ಯಾರು ಯಾವ ಬ್ರಷ್ಷಿನಿಂದ ಉಜ್ಜಿದರೋ ಹೇಳುತ್ತೇನೆ. ಜನವರಿ ತಿಂಗಳು, ಬೆಳಗ್ಗೆ ಏಳು ಗಂಟೆ ಎಂದಿರಿ. ಮಗಳು ಗೇರಿನ ಗುಂಡು ಮುಟ್ಟುವ ಮೊದಲು ಕೈಗವಸು ಹಾಕಿಸಿ.