ಪ್ರೆಸ್‌ನೋಟ್ ಬರೆಯುವವನ ಕೈಗೆ ಫೇಸ್‌ಬುಕ್ ಕೊಟ್ಟಿದ್ದಾರೆ, ದಾರಿ ತೋರಿಸಿ

ನುಡಿ ಬೆರಳು, ದಾವಣಗೆರೆ

ವಯಸ್ಸು 47. ಒಂದು ಸಹಕಾರಿ ಬ್ಯಾಂಕಿನಲ್ಲಿ ಪಿಆರ್‌ಓ, ಅಂದರೆ ಸಾರ್ವಜನಿಕ ಸಂಪರ್ಕಾಧಿಕಾರಿ. 2002ರಿಂದ ಇದೇ ಕೆಲಸ. ಪ್ರೆಸ್‌ನೋಟ್ ಟೈಪ್ ಮಾಡುವುದು, ಕಳಿಸುವುದು, ಸಂಜೆ ಆರಕ್ಕೆ ಪತ್ರಿಕೆಗಳಿಗೆ ಫೋನ್: "ಸಾರ್, ಬಂತಾ? ಸ್ವಲ್ಪ ನೋಡಿ." ಮೊದಲು ಫ್ಯಾಕ್ಸ್ ಇತ್ತು, ಆಮೇಲೆ ಇಮೇಲ್ ಬಂತು, ಫೋನ್ ಮಾತ್ರ ಹಾಗೇ ಇದೆ. ಬೆಳಿಗ್ಗೆ ಪೇಪರ್ ಕತ್ತರಿಸಿ ಫೈಲಿಗೆ ಅಂಟಿಸುತ್ತೇನೆ. ಎಷ್ಟು ಕಾಲಂ ಸೆಂಟಿಮೀಟರ್ ಬಂತು ಅಂತ ಸ್ಕೇಲ್ ಇಟ್ಟು ಅಳೆದು ಬರೆದಿದ್ದೇನೆ. ನಗಬೇಡಿ.

ನಮ್ಮ ಫೇಸ್‌ಬುಕ್, ಇನ್‌ಸ್ಟಾಗ್ರಾಂ ನೋಡಿಕೊಳ್ಳುತ್ತಿದ್ದ ಹುಡುಗ ಬೇರೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. "ನೀವೇ ಮಾಡ್ರಿ, ಅದೇನ್ ದೊಡ್ಡದು" ಅಂದರು ಅಧ್ಯಕ್ಷರು. ಹುಡುಗ ಒಂದು ಚೀಟಿಯಲ್ಲಿ ಪಾಸ್‌ವರ್ಡ್ ಬರೆದಿಟ್ಟು ಹೋಗಿದ್ದ.

ಮೊದಲ ದಿನ ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದೆ. ಪಿಯುಸಿ ಓದುವ ಮಗಳು ನೋಡಿ, "ಅಪ್ಪಾ, ಇದ್ಯಾವ ಭಾಷೆ?" ಅಂದಳು. ಕನ್ನಡದ ಬದಲು ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳು! ಆಮೇಲೆ ಪ್ರೆಸ್‌ನೋಟಿನ ಫೋಟೊ ತೆಗೆದೇ ಹಾಕತೊಡಗಿದೆ. ಸರ್ವಸದಸ್ಯರ ಸಭೆಯ ಫೋಟೊ ಹಾಕಿದೆ, ವೇದಿಕೆ ಮೇಲೆ ಹದಿನಾಲ್ಕು ಜನ. ಹನ್ನೊಂದು ಲೈಕ್ ಬಂತು. ಏಳು ನಮ್ಮ ಸಿಬ್ಬಂದಿ, ಒಂದು ನನ್ನ ಹೆಂಡತಿ.

ನಿಜವಾದ ಎಡವಟ್ಟು ಆಗಿದ್ದು ಅದರ ಕೆಳಗೆ. ಒಬ್ಬರು ಠೇವಣಿದಾರರು "ಮೂರು ದಿನದಿಂದ ಆ್ಯಪ್ ತೆರೆಯುತ್ತಿಲ್ಲ, ಸನ್ಮಾನ ಮಾತ್ರ ಜೋರಾಗಿದೆ" ಅಂತ ಬರೆದರು. ನಾನು ಅಳಿಸಿದೆ. ಅವರು ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದರು. ಅದು ಊರಿನ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಿತು. ರಾತ್ರಿ ಹೊತ್ತಿಗೆ ನನ್ನ ಷಡ್ಡಕನೇ ಫೋನ್ ಮಾಡಿ "ಬ್ಯಾಂಕ್ ಮುಳುಗ್ತಿದೆಯಂತೆ, ಹೌದಾ?" ಅಂದ. ಮರುದಿನ ಬಾಗಿಲು ತೆರೆಯುವ ಮೊದಲೇ ಆರು ಜನ ಎಫ್‌ಡಿ ಮುರಿಸಲು ನಿಂತಿದ್ದರು.

ಪೇಪರಿನಲ್ಲಿ ತಪ್ಪು ಬಂದರೆ ಸಂಪಾದಕರಿಗೆ ಫೋನ್ ಮಾಡಿ ಸ್ಪಷ್ಟನೆ ಹಾಕಿಸುತ್ತಿದ್ದೆ. ಇಲ್ಲಿ ಯಾರಿಗೆ ಫೋನ್ ಮಾಡಲಿ?

ಪೇಜ್ ನೋಡಿಕೊಳ್ಳುವವಳು, ಬೆಂಗಳೂರು

ಸಾರ್, ಅಳಿಸಬಾರದಿತ್ತು. ಕೆಟ್ಟ ಬೈಗುಳ, ಯಾರದ್ದೋ ಫೋನ್ ನಂಬರ್, ಮೋಸದ ಲಿಂಕ್, ಇಷ್ಟಕ್ಕೆ ಮಾತ್ರ ಅಳಿಸುವುದು. ಈಗಲಾದರೂ ಒಂದು ಪೋಸ್ಟ್ ಹಾಕಿ: ಆ್ಯಪ್ ತೊಂದರೆ ನಿಜ, ಕಾಮೆಂಟ್ ಅಳಿಸಿದ್ದು ನಮ್ಮ ತಪ್ಪು, ಅಲ್ಲಿಯವರೆಗೆ ಶಾಖೆಯಲ್ಲಿ ಹಣ ಸಿಗುತ್ತದೆ, ಇಂಥ ಹೊತ್ತಿಗೆ ಮತ್ತೆ ತಿಳಿಸುತ್ತೇವೆ. ಹೇಳಿದ ಹೊತ್ತಿಗೆ ಸರಿಹೋಗದಿದ್ದರೂ "ಇನ್ನೂ ಆಗಿಲ್ಲ" ಅಂತಾದರೂ ಹಾಕಿ.

ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಫೇಸ್‌ಬುಕ್ಕಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ, ಅದರಲ್ಲಿ ಟೈಪ್ ಮಾಡಿ. ಹಳೆಯ ಫೈಲುಗಳಿಗೆ ಪರಿವರ್ತಕ ಸಿಗುತ್ತದೆ. ಇನ್ನು ಹದಿನಾಲ್ಕು ಜನರ ಫೋಟೊ ಮೊಬೈಲಿನಲ್ಲಿ ಎಳ್ಳು ಚೆಲ್ಲಿದ ಹಾಗೆ ಕಾಣುತ್ತದೆ. ಒಬ್ಬರನ್ನು ಹತ್ತಿರದಿಂದ ತೆಗೆಯಿರಿ. ವಿಡಿಯೊ ಆದರೆ ಫೋನ್ ನೆಟ್ಟಗೆ ಹಿಡಿಯಿರಿ, ಮಾತನ್ನು ಕೆಳಗೆ ಕನ್ನಡದಲ್ಲಿ ಬರೆಯಿರಿ. ಬಸ್ಸಿನಲ್ಲಿ ಸೌಂಡ್ ಇಲ್ಲದೆ ನೋಡುವವರೇ ಜಾಸ್ತಿ.

ನಿವೃತ್ತ ಉಪಸಂಪಾದಕ, ಹುಬ್ಬಳ್ಳಿ

ನಿಮ್ಮಂಥವರ ಆರು ಗಂಟೆ ಫೋನ್ ಎತ್ತಿ ಎತ್ತಿ ನನ್ನ ಒಂದು ಕಿವಿ ಹೋಗಿದೆ!

ಒಂದು ಗುಟ್ಟು ಹೇಳುತ್ತೇನೆ. ಬ್ಯಾಂಕಿನ ಪ್ರೆಸ್‌ನೋಟ್ ಬಂದರೆ ನಾವು ಓದುತ್ತಿದ್ದದ್ದು ಕೊನೆ ಪ್ಯಾರಾ. ಮೊದಲ ಮೂರು ಪ್ಯಾರಾದಲ್ಲಿ ಯಾರು ದೀಪ ಹಚ್ಚಿದರು, ಯಾರು ಸ್ವಾಗತಿಸಿದರು ಅಂತ ಇರುತ್ತಿತ್ತು. ಡಿವಿಡೆಂಡ್ ಎಷ್ಟು, ಬಡ್ಡಿ ಎಷ್ಟು ಅನ್ನುವುದು ಕೊನೆಯಲ್ಲಿ. ಆ ಕೊನೆ ಪ್ಯಾರಾ ಮಾತ್ರ ಫೇಸ್‌ಬುಕ್ಕಿಗೆ ಹಾಕಿ, ಸಾಕು.

ಎಲ್ಲದರ ಹಿಂದೆ ಓಡಬೇಡಿ. ಟಿಕ್‌ಟಾಕ್ 2020ರ ಜೂನ್‌ನಲ್ಲಿ ಒಂದೇ ರಾತ್ರಿಯಲ್ಲಿ ನಿಷೇಧ ಆಯಿತು. ಟ್ವಿಟರ್ ಥರದ, ನಮ್ಮ ಬೆಂಗಳೂರಿನದೇ ಆ್ಯಪ್ ಕೂ, ಅದೇ ವರ್ಷ ಕನ್ನಡದಲ್ಲೇ ಶುರುವಾಗಿದ್ದು, 2024ರಲ್ಲಿ ಮುಚ್ಚಿತು. ನಿಮ್ಮ ಠೇವಣಿದಾರರು ಇರುವುದು ವಾಟ್ಸಾಪಿನಲ್ಲಿ. 2023ರಲ್ಲಿ ಬಂದ ಚಾನೆಲ್ ನೋಡಿ. ಗುಂಪಿನ ಹಾಗಲ್ಲ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಗುಡ್ ಮಾರ್ನಿಂಗ್ ಹೂವಿನ ಕಾಟವೂ ಇಲ್ಲ.

ಕ್ಯಾಶ್ ಕೌಂಟರ್, ಶಿವಮೊಗ್ಗ

ಮೇಲಿನವರು ಹೇಳದ ಎರಡು ಮಾತು. ಕಾಮೆಂಟಿನಲ್ಲಿ ಯಾರಿಂದಲೂ ಖಾತೆ ನಂಬರ್ ಕೇಳಬೇಡಿ. ಯಾರಾದರೂ ದೂರು ಬರೆದ ತಕ್ಷಣ "ಕಸ್ಟಮರ್ ಕೇರ್" ಅಂತ ಹೆಸರಿಟ್ಟುಕೊಂಡ ಕಳ್ಳರು ಬಂದು ತಮ್ಮ ನಂಬರ್ ಕೊಡುತ್ತಾರೆ. ಅದನ್ನು ಮಾತ್ರ ಕೂಡಲೇ ತೆಗೆಯಿರಿ, ಸೈಬರ್ ವಂಚನೆಗೆ 1930ಕ್ಕೆ ಕರೆ ಮಾಡಿ ಅಂತ ಹಾಕಿ.

ಮುಳುಗುವ ಸುದ್ದಿ ಹಬ್ಬಿದಾಗ "ನಮ್ಮ ಬ್ಯಾಂಕ್ ಗಟ್ಟಿಯಾಗಿದೆ" ಅಂತ ಬರೆಯಲೇಬೇಡಿ, ಇದ್ದ ಅನುಮಾನ ಎರಡರಷ್ಟಾಗುತ್ತದೆ. ನಿಮ್ಮ ಬ್ಯಾಂಕಿಗೆ ಠೇವಣಿ ವಿಮೆ ಇದ್ದರೆ ಅದನ್ನು ಹೇಳಿ. 2020ರ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಇದೆ.

ಆ ಚೀಟಿ ಹರಿದು ಹಾಕಿ ಮಾರಾಯ್ರೇ. ಫೇಸ್‌ಬುಕ್ ಪೇಜಿಗೆ ಆ ಹುಡುಗನೇ ಇನ್ನೂ ಅಡ್ಮಿನ್ ಆಗಿರಬಹುದು, ನೋಡಿದ್ದೀರಾ?

ನುಡಿ ಬೆರಳು, ದಾವಣಗೆರೆ

ನೋಡಿದೆ. ಅವನೇ ಅಡ್ಮಿನ್! ಫೋನ್ ಮಾಡಿದೆ, ಪಾಪ, ಮೆಟ್ರೊದಲ್ಲಿ ನಿಂತುಕೊಂಡೇ ಹತ್ತು ನಿಮಿಷದಲ್ಲಿ ನನ್ನ ಹೆಸರಿಗೆ ಮಾಡಿಕೊಟ್ಟ.

ತಪ್ಪೊಪ್ಪಿಕೊಂಡ ಪೋಸ್ಟಿಗೆ ಅಧ್ಯಕ್ಷರನ್ನು ಒಪ್ಪಿಸಲು ಎರಡು ದಿನ ಬೇಕಾಯಿತು. ಹಾಕಿದ ಮೇಲೆ ಆ ಠೇವಣಿದಾರರು ಬಂದು "ಸರಿ" ಅಂತ ಬರೆದರು, ಅಷ್ಟೇ. ಎಫ್‌ಡಿ ಮುರಿಸಿದವರಲ್ಲಿ ಇಬ್ಬರು ವಾಪಸ್ ಬಂದರು. ನಮ್ಮ ಕ್ಯಾಷಿಯರ್ ಮೇಡಂ ಲಾಕರಿಗೆ ನಾಮಿನಿ ಯಾಕೆ ಬೇಕು ಅಂತ ನಲವತ್ತು ಸೆಕೆಂಡು ಮಾತಾಡಿದ ವಿಡಿಯೊ ಹಾಕಿದೆ. ಆ ವಾರ ಹನ್ನೆರಡು ಜನ ನಾಮಿನಿ ಫಾರಂ ಕೇಳಿಕೊಂಡು ಬಂದರು. ಇದನ್ನು ಸ್ಕೇಲಿನಲ್ಲಿ ಹೇಗೆ ಅಳೆಯಲಿ, ಗೊತ್ತಾಗುತ್ತಿಲ್ಲ.

ಈಗ ಹೊಸ ತಲೆನೋವು. ಗುರುವಾರ ಅಧ್ಯಕ್ಷರ ಹುಟ್ಟುಹಬ್ಬ. ನಿರ್ದೇಶಕರು, ಅಭಿಮಾನಿಗಳು ಸೇರಿ ಇಪ್ಪತ್ತೆರಡು ಮುಖ ಇರುವ ಡಿಸೈನ್ ಬಂದಿದೆ. ನಮ್ಮ ಹೊಸ ವಾಟ್ಸಾಪ್ ಚಾನೆಲ್‌ಗೆ ಹಾಕಲೇಬೇಕಂತೆ.

ನಿವೃತ್ತ ಉಪಸಂಪಾದಕ, ಹುಬ್ಬಳ್ಳಿ

ಸ್ಟೇಟಸ್‌ಗೆ ಹಾಕಿ. 24 ಗಂಟೆಗೆ ತಾನೇ ಹೋಗುತ್ತದೆ.